‘ನ ಮಮ’ ಎನ್ನದ ಮಾರಾಟ

ಅಮೆರಿಕದಲ್ಲಿರುವ ಮಗಳು ತಾನು ಬಳಸಿದ ಫೋನನ್ನು ಊರಿನಲ್ಲಿರುವ ತಾಯಿಗೆ ಕೊಡುತ್ತಾಳೆ ಎಂದಿಟ್ಟುಕೊಳ್ಳೋಣ. ಕನ್ನಡದ ಎಷ್ಟೋ ಮನೆಗಳಲ್ಲಿ ನಡೆಯುವ ಸಂಗತಿಯೇ ಇದು. ಪಿನ್ನು ಚುಚ್ಚಿ ಟ್ರೇ ಹೊರಗೆಳೆದು, ತಾಯಿಯ ಸಿಮ್ ಕೂರಿಸಿ ಒಳಕ್ಕೆ ತಳ್ಳಿದರೆ, ಸಿಮ್ ಅಮಾನ್ಯ ಎಂಬ ಒಂದು ಸಾಲು ಪರದೆಯ ಮೇಲೆ ಬಂದು ನಿಲ್ಲುತ್ತದೆ. ಅಲ್ಲಿ ಏನೂ ಕೆಟ್ಟಿಲ್ಲ. ಆ್ಯಂಟೆನಾ ಸರಿಯಾಗಿದೆ, ಬ್ಯಾಟರಿ ತುಂಬಿದೆ, ನಮ್ಮೂರಿನ ಟವರಿನ ಅಲೆಗಳನ್ನು ಹಿಡಿಯುವ ಶಕ್ತಿಯೂ ಅದಕ್ಕಿದೆ. ಆಗಿರುವುದು ಇಷ್ಟೇ: ಪ್ರತಿ ಸಿಮ್ಮಿನೊಳಗೆ ಒಂದು ಉದ್ದ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿ ದೇಶವನ್ನೂ ಮುಂದಿನವು ಕಂಪನಿಯನ್ನೂ ಹೇಳುತ್ತವೆ. ಭಾರತದ ಸಿಮ್ ಆದರೆ 404 ಅಥವಾ 405, ಅಮೆರಿಕದ್ದಾದರೆ 310 ಇಲ್ಲವೇ 311ರಂಥವು. ಫೋನು ಆ ಅಂಕಿಗಳನ್ನು ಓದಿ, ತನ್ನನ್ನು ಮಾರಿದ ಕಂಪನಿಯ ಅಂಕಿಗಳೊಂದಿಗೆ ಹೋಲಿಸಿ ನೋಡಿ, ಹೊಂದದಿದ್ದರೆ ಬಾಗಿಲು ಹಾಕಿಕೊಳ್ಳುತ್ತದೆ. ಕೀಲಿ ಮಾತ್ರ ಮಾರಿದವನ ಹತ್ತಿರವೇ ಉಳಿದಿರುತ್ತದೆ. ಇದನ್ನು ಗ್ರಾಹಕರ ತೊಂದರೆಯೆಂದು ಬದಿಗಿಡುವುದು ಸುಲಭ. ನನಗೆ ಇದರೊಳಗೆ ಬಹಳ ಹಳೆಯ ಪ್ರಶ್ನೆಯೊಂದು ಕಾಣುತ್ತದೆ: ಒಂದು ವಸ್ತು ‘ನನ್ನದು’ ಆಗುವುದು ಯಾವುದರಿಂದ?

ಈ ಪ್ರಶ್ನೆಯನ್ನು ಭಾರತದಲ್ಲಿ ಅತ್ಯಂತ ಗಂಭೀರವಾಗಿ ಎತ್ತಿಕೊಂಡ ಗ್ರಂಥಗಳಲ್ಲೊಂದು ಹುಟ್ಟಿದ್ದು ನಮ್ಮ ಬೀದರ ಸೀಮೆಯ ಕಲ್ಯಾಣದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆಸ್ತಿ ವಿಭಾಗದ ಗ್ರಂಥವೆಂದೇ ನಮಗೆ ಅದರ ಪರಿಚಯ. ಆದರೆ ದಾಯಭಾಗದ ಚರ್ಚೆಗೆ ಇಳಿಯುವ ಹೊತ್ತಿಗೆ ಅವನು ಶುದ್ಧ ತತ್ತ್ವದ ಪ್ರಶ್ನೆಯೊಂದನ್ನು ಇಡುತ್ತಾನೆ. ಸ್ವತ್ವ, ಅಂದರೆ ಒಡೆತನ, ಶಾಸ್ತ್ರ ಹೇಳಿದ್ದರಿಂದ ಮಾತ್ರ ಗೊತ್ತಾಗುವಂಥದ್ದೋ, ಅಥವಾ ಲೋಕಸಿದ್ಧವೋ? ಶಾಸ್ತ್ರದಿಂದಲೇ ಎಂದವರ ವಾದ ದುರ್ಬಲವಾದುದಲ್ಲ. ಲೋಕದಿಂದಲೇ ಒಡೆತನ ಬರುವುದಾದರೆ ಕದ್ದವನ ಕೈಯಲ್ಲಿರುವ ವಸ್ತು ಅವನದೇ ಆಗಿಬಿಡುವುದಿಲ್ಲವೇ, ‘ನನ್ನದನ್ನು ಇವನು ಕದ್ದ’ ಎಂಬ ಮಾತಿಗೇ ಅರ್ಥ ಎಲ್ಲಿ ಉಳಿಯುತ್ತದೆ ಎಂದು ಅವರು ಕೇಳುತ್ತಾರೆ. ವಿಜ್ಞಾನೇಶ್ವರ ಮಣಿಯುವುದಿಲ್ಲ. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ, ಇದು ನನ್ನದು ಅದು ನಿನ್ನದು ಎಂದು ನಡೆದುಕೊಳ್ಳುತ್ತಾರೆ. ಆದ್ದರಿಂದ ಸ್ವತ್ವ ಲೌಕಿಕ ಎನ್ನುವುದು ಅವನ ನಿಲುವು. ಶಾಸ್ತ್ರ ಒಡೆತನವನ್ನು ಹುಟ್ಟಿಸುವುದಿಲ್ಲ, ಆಗಲೇ ಇರುವ ಒಡೆತನಕ್ಕೆ ವ್ಯವಸ್ಥೆ ಕೊಡುತ್ತದೆ. ಒಂಬೈನೂರು ವರ್ಷಗಳ ಹಿಂದಿನ ಈ ಮಾತಿನ ಧೈರ್ಯ ದೊಡ್ಡದು. ವಿದ್ವಾಂಸನೊಬ್ಬ ಸಂತೆಯ ಜನರ ನಡವಳಿಕೆಯನ್ನು ಪ್ರಮಾಣವಾಗಿ ಹಿಡಿದ.

ಹೀಗೆ ಲೋಕದಲ್ಲಿ ಕಾಣುವ ಸ್ವತ್ವದ ಲಕ್ಷಣವೇನು ಎಂದರೆ, ಯಥೇಷ್ಟ ವಿನಿಯೋಗಕ್ಕೆ ಯೋಗ್ಯವಾಗಿರುವುದು ಎಂಬ ಉತ್ತರ ನಮ್ಮ ನೈಯಾಯಿಕರ ಚರ್ಚೆಯಲ್ಲಿ ಬರುತ್ತದೆ: ಇಷ್ಟ ಬಂದಂತೆ ಬಳಸಬಹುದಾದದ್ದು ನನ್ನದು. ಇದಕ್ಕೆ ಹೊಂದಿಕೊಂಡೇ ದಾನದ ವ್ಯಾಖ್ಯೆಯೂ ಇದೆ. ಕೊಡುವವನ ಸ್ವತ್ವ ಅಳಿದು ಪಡೆಯುವವನ ಸ್ವತ್ವ ಹುಟ್ಟಿದರೆ ಅದು ದಾನ. ಯಜ್ಞದಲ್ಲಿ ಹವಿಸ್ಸು ಅರ್ಪಿಸುವಾಗ, ದಾನದಲ್ಲಿ ನೀರು ಬಿಡುವಾಗ ‘ನ ಮಮ’, ಇನ್ನಿದು ನನ್ನದಲ್ಲ ಎನ್ನುತ್ತಾರೆ. ಮಾರಾಟದಲ್ಲಿ ಮಂತ್ರವಿಲ್ಲ, ಹಣವಿದೆ. ಆದರೆ ಒಳಗಿನ ಕ್ರಿಯೆ ಅದೇ. ಮಾರಿದವನು ಬಿಟ್ಟುಕೊಡಬೇಕು. ಬಿಟ್ಟುಕೊಡದೆ ಹಣವನ್ನಷ್ಟೇ ತೆಗೆದುಕೊಂಡರೆ ಅದಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ.

ಅಮೆರಿಕದಲ್ಲಿ ಈ ವಾದ ಕಣ್ಣೆದುರೇ ನಡೆದುಹೋಯಿತು. ಸಿನಿಮಾ, ಸಂಗೀತಗಳ ನಕಲು ತಡೆಯುವ ಉದ್ದೇಶದಿಂದ 1998ರಲ್ಲಿ ಬಂದ ಕಾಯಿದೆಯೊಂದು ಕೃತಿಸ್ವಾಮ್ಯ ಕಾಯುವ ಡಿಜಿಟಲ್ ಬೀಗಗಳನ್ನು ಮುರಿಯುವುದನ್ನು ನಿಷೇಧಿಸಿತು. ಫೋನಿನ ಬೀಗವೂ ತಂತ್ರಾಂಶವೇ ಆದ್ದರಿಂದ ಅದೂ ಈ ಬಲೆಗೆ ಬಿತ್ತು. ವಿನಾಯಿತಿ ಕೊಡುವ ಅಧಿಕಾರ ಇದ್ದದ್ದು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಮುಖ್ಯಸ್ಥರಿಗೆ, ಅದೂ ಮೂರು ವರ್ಷಕ್ಕೊಮ್ಮೆ. 2006ರಲ್ಲಿ ಕೊಟ್ಟರು, 2010ರಲ್ಲಿ ಮತ್ತೆ ಕೊಟ್ಟರು, 2012ರಲ್ಲಿ ಹಿಂದೆಗೆದರು: 2013ರ ಜನವರಿ 26ರ ನಂತರ ಕೊಂಡ ಫೋನಿನ ಬೀಗವನ್ನು ಕಂಪನಿಯ ಒಪ್ಪಿಗೆಯಿಲ್ಲದೆ ತೆಗೆದರೆ ಅದು ಕಾನೂನುಬಾಹಿರ. ಹಿಂದಿನ ದಿನ ಕೊಂಡವನಿಗೆ ಇದ್ದ ಹಕ್ಕು ಮರುದಿನ ಕೊಂಡವನಿಗಿಲ್ಲ. ವಸ್ತು ಅದೇ, ಕೊಟ್ಟ ಹಣವೂ ಅದೇ. ಒಡೆತನ ಶಾಸ್ತ್ರದಿಂದಲೇ ಬರುವುದು ಎಂಬ ಪೂರ್ವಪಕ್ಷವನ್ನು ಕೊನೆಯವರೆಗೆ ಎಳೆದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಗೊತ್ತಿಲ್ಲ. ಒಂದು ಲಕ್ಷ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಶ್ವೇತಭವನಕ್ಕೆ ಸಲ್ಲಿಸಿದ ಮನವಿಗೆ ಸಹಿ ಹಾಕಿದರು. ಅವರಲ್ಲಿ ಹೆಚ್ಚಿನವರು ಆ ಕಾಯಿದೆಯ ಕಲಮುಗಳನ್ನು ಓದಿದವರಾಗಿರಲಾರರು. ಓದುವ ಅಗತ್ಯವೂ ಇರಲಿಲ್ಲ. ವಿಜ್ಞಾನೇಶ್ವರನ ಗಡಿನಾಡಿನ ಜನರ ಹಾಗೆ, ತಾವು ಕೊಂಡದ್ದು ತಮ್ಮದು ಎಂಬುದು ಅವರಿಗೆ ಗೊತ್ತಿತ್ತು. 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಹೊಸ ಕಾಯಿದೆ ಆ ವಿನಾಯಿತಿಯನ್ನು ಮರಳಿಸಿತು. ಆದರೂ ಅದು ಶಾಶ್ವತವಾಗಲಿಲ್ಲ. ಇಂದಿಗೂ ಮೂರು ವರ್ಷಕ್ಕೊಮ್ಮೆ ನವೀಕರಣವಾಗುತ್ತಲೇ ಇರಬೇಕು. ನವೀಕರಿಸಿಕೊಳ್ಳಬೇಕಾದ ಒಡೆತನ ಎಂಬ ಮಾತೇ ನನಗೆ ಒಗ್ಗುವುದಿಲ್ಲ. ನವೀಕರಿಸಿಕೊಳ್ಳುವುದು ಪರವಾನಗಿಯನ್ನು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ತೇಲಿಸಿಬಿಡಬಾರದು. ಕಂಪನಿ ಫೋನನ್ನು ಕಡಿಮೆ ಬೆಲೆಗೋ ಕಂತಿನಲ್ಲೋ ಕೊಟ್ಟಿರುತ್ತದೆ, ಆ ಹಣ ತಿಂಗಳ ಬಿಲ್ಲುಗಳಲ್ಲಿ ವಾಪಸಾಗಬೇಕು, ಬೀಗವಿಲ್ಲದಿದ್ದರೆ ಅದಕ್ಕೆ ಭದ್ರತೆ ಏನು? ಬಡವರ ಕೈಗೆ ಫೋನು ಬಂದದ್ದೇ ಈ ವ್ಯವಸ್ಥೆಯಿಂದ ಎಂಬುದರಲ್ಲೂ ಸತ್ಯವಿದೆ. ನಮ್ಮಲ್ಲಿ 2017ರಲ್ಲಿ 1,500 ರೂಪಾಯಿ ಮರಳಿಸುವ ಠೇವಣಿಯ ಮೇಲೆ ಬಂದ ಜಿಯೋಫೋನ್ ಜಿಯೋ ಸಿಮ್ಮಿಗಷ್ಟೇ ಓಗೊಡುತ್ತಿತ್ತು. ಸ್ಮಾರ್ಟ್‌ಫೋನು ಎಟುಕದ ಎಷ್ಟೋ ಮನೆಗಳಿಗೆ ಇಂಟರ್ನೆಟ್ಟು ಅದರಿಂದಲೇ ಬಂತು. ಒಪ್ಪುತ್ತೇನೆ. ಆದರೆ ಸಾಲಕ್ಕೆ ಭದ್ರತೆಯಾಗಿ ಇಟ್ಟುಕೊಂಡದ್ದು ಒತ್ತೆ. ಒತ್ತೆಗೆ ನಮ್ಮ ಧರ್ಮಶಾಸ್ತ್ರದಲ್ಲಿ ಸ್ಪಷ್ಟ ನಿಯಮವಿದೆ. ವಿಜ್ಞಾನೇಶ್ವರ ವ್ಯಾಖ್ಯಾನಿಸಿದ ಅದೇ ಯಾಜ್ಞವಲ್ಕ್ಯ ಸ್ಮೃತಿಯ ಋಣಾದಾನ ಪ್ರಕರಣದ ಪ್ರಕಾರ, ಸಾಲಗಾರ ಹಣ ಹಿಡಿದು ಎದುರಿಗೆ ಬಂದು ನಿಂತಾಗ ಒತ್ತೆಯನ್ನು ಬಿಡಲೇಬೇಕು. ಬಿಡದ ಸಾಹುಕಾರನನ್ನು ಕಳ್ಳನೆಂದು ಎಣಿಸಬೇಕು. ಅಪ್ರಾಮಾಣಿಕ ಎಂದಲ್ಲ, ಕಳ್ಳನೆಂದೇ. ಕೊನೆಯ ಕಂತು ಮುಟ್ಟಿದ ದಿನವೇ ಬೀಗ ತಾನಾಗಿ ಕಳಚುವಂತೆ ಮಾಡಿದರೆ ನನ್ನ ತಕರಾರಿಲ್ಲ. ಸಾಲ ತೀರಿದ ಮೇಲೂ ಅರ್ಜಿ ಹಾಕು, ಕಾಯಿ, ಶುಲ್ಕ ಕಟ್ಟು ಎನ್ನುವುದಕ್ಕೆ ಯಾವ ಸಾಲದ ಹೆಸರೂ ಒಪ್ಪುವುದಿಲ್ಲ. ಇನ್ನು ಬೀಗವೇ ಇಲ್ಲದಿದ್ದರೆ ವ್ಯಾಪಾರ ಮುಳುಗುತ್ತದೆ ಎಂಬ ಭಯಕ್ಕೆ ಕೆನಡ ಮತ್ತು ಬ್ರಿಟನ್ ಉತ್ತರ ಕೊಟ್ಟಿವೆ. ಕೆನಡದಲ್ಲಿ 2017ರ ಡಿಸೆಂಬರ್‌ನಿಂದ ಹೊಸ ಫೋನುಗಳನ್ನು ಬೀಗವಿಲ್ಲದೆಯೇ ಕೊಡಬೇಕು. ಬ್ರಿಟನ್ನಿನಲ್ಲಿ 2021ರ ಡಿಸೆಂಬರ್‌ನಿಂದ ಬೀಗ ಹಾಕಿದ ಫೋನು ಮಾರುವಂತಿಲ್ಲ. ಎರಡೂ ಕಡೆ ಕಂತಿನ ಮಾರಾಟ ನಡೆದೇ ಇದೆ. ಸಾಲ ವಸೂಲಿಗೆ ಕರಾರುಪತ್ರವಿದೆ, ನ್ಯಾಯಾಲಯವಿದೆ.

ಎರಡನೆಯ ಆಕ್ಷೇಪ ಸೂಕ್ಷ್ಮವಾದುದು. ನೀನು ಕೊಂಡದ್ದು ಗಾಜು, ಲೋಹಗಳ ಫೋನನ್ನು. ಒಳಗಿನ ತಂತ್ರಾಂಶವನ್ನು ಕೊಂಡಿಲ್ಲ, ಬಳಸಲು ಅನುಮತಿಯಷ್ಟೇ ಪಡೆದಿದ್ದೀಯೆ ಎನ್ನುತ್ತದೆ ಅದು. ತಂತ್ರಾಂಶ ಬರೆದವರ ಹಕ್ಕನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು ನಕಲು ಮಾಡಿ ಮಾರುವ ಹಕ್ಕು ಕೊಂಡವನಿಗೆ ಇಲ್ಲ, ಇರಲೂಬಾರದು. ಆದರೆ ಬೇರೆ ಸಿಮ್ ಹಾಕಿದಾಗ ಯಾವ ಕೃತಿಯೂ ನಕಲಾಗುವುದಿಲ್ಲ, ಯಾರ ಬರವಣಿಗೆಯೂ ಕಳುವಾಗುವುದಿಲ್ಲ. ಆ ಕೆಲವು ಅಂಕಿಗಳ ಹೋಲಿಕೆ ನಿಲ್ಲುತ್ತದೆ, ಅಷ್ಟೆ. ಮೇಲಾಗಿ ತಂತ್ರಾಂಶ ತೆಗೆದರೆ ಉಳಿಯುವುದು ಫೋನಲ್ಲ. ದೇಹವನ್ನು ನನಗೆ ಮಾರಿ ಪ್ರಾಣವನ್ನು ತನ್ನಲ್ಲಿಟ್ಟುಕೊಂಡವನು ಏನನ್ನು ಮಾರಿದ ಎಂದು ಹೇಳಬೇಕು? ಯಥೇಷ್ಟ ಎಂದರೆ ಮಿತಿಯಿಲ್ಲದ್ದು ಎಂದೂ ನನ್ನ ಅಭಿಪ್ರಾಯವಲ್ಲ. ಅಲೆಗಳು ಸಾರ್ವಜನಿಕ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಅವನ್ನು ಕೆಡಿಸುವ ಬಳಕೆಗೆ ತಡೆ ಇರಲೇಬೇಕು. ಕದ್ದ ಫೋನು ನಿಷ್ಪ್ರಯೋಜಕವಾಗಬೇಕು ಎನ್ನುವುದೂ ಸರಿ. ಆದರೆ ಅದಕ್ಕೆ ಪ್ರತಿ ಫೋನಿಗೂ ಇರುವ 15 ಅಂಕಿಯ ಐಎಂಇಐ ಸಂಖ್ಯೆ ಸಾಕು. ಭಾರತದಲ್ಲಿ 2023ರಿಂದ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ಮೂಲಕ ಕಳೆದುಕೊಂಡವರೇ ಅದನ್ನು ಎಲ್ಲ ಜಾಲಗಳಲ್ಲೂ ತಡೆಹಿಡಿಸಬಹುದು. ಆ ತಡೆಯನ್ನು ಕೇಳುವವನು ಒಡೆಯ. ಸಿಮ್ ಬೀಗ ಒಡೆಯನನ್ನೇ ತಡೆಯುತ್ತದೆ.

ಆ ತಾಯಿಯ ಕೈಯಲ್ಲಿರುವ ಫೋನಿನ ವಿಷಯಕ್ಕೆ ಮರಳಿದರೆ, ಇದು ನನಗೆ ಧರ್ಮದ ಪ್ರಶ್ನೆಯಾಗಿ ಕಾಣುವುದು ಅಲ್ಲಿಯೇ. ಮಗಳು ಕಂತು ತೀರಿಸಿದ್ದಾಳೆ, ಪ್ರೀತಿಯಿಂದ ಕೊಟ್ಟಿದ್ದಾಳೆ, ತನ್ನ ಕಡೆಯಿಂದ ‘ನ ಮಮ’ ಎಂದೂ ಆಗಿದೆ. ಆದರೂ ತಾಯಿಯ ಸ್ವತ್ವ ಹುಟ್ಟಲಿಲ್ಲ. ನಡುವೆ ಮೂರನೆಯವನೊಬ್ಬ ತನ್ನದನ್ನು ಇನ್ನೂ ಬಿಟ್ಟಿಲ್ಲ. ಪೂರ್ತಿ ತನ್ನದಾಗದ್ದನ್ನು ಯಾರೂ ಪೂರ್ತಿಯಾಗಿ ಕೊಡಲಾರರು. ಸಂಕೇತಾಂಕವೊಂದು ಇಮೇಲಿನಲ್ಲಿ ಬಂದು, ಅದನ್ನು ಒತ್ತಿ, ಪರದೆಯ ಮೂಲೆಯಲ್ಲಿ ಸಿಗ್ನಲ್ಲಿನ ಗೆರೆಗಳು ಒಂದೊಂದಾಗಿ ಏಳುವ ತನಕ ಆ ದಾನ ಅರ್ಧಕ್ಕೇ ನಿಂತಿರುತ್ತದೆ.