ಜಗಲಿಯ ಮೇಲೆ ಕಾರು

ಮಳೆಗಾಲ ಮುಗಿಯುತ್ತಾ ಬಂದಾಗ ಊರಿನಿಂದ ಅಪ್ಪ ವಾಶಿಗೆ ಬಂದಿದ್ದರು. ಮೊಣಕಾಲು ನೋವು, ಕೈಯಲ್ಲಿ ಕೋಲು. ಸಂಜೆ ನಮ್ಮ ಸೆಕ್ಟರಿನಲ್ಲಿ ಒಂದು ಸುತ್ತು ಹೋಗೋಣವೆಂದು ಹೊರಟರೆ ಇಪ್ಪತ್ತು ಹೆಜ್ಜೆಗೊಮ್ಮೆ ಫುಟ್‌ಪಾತಿನಿಂದ ರಸ್ತೆಗಿಳಿಯಬೇಕು, ಮತ್ತೆ ಹತ್ತಬೇಕು. ಎರಡು ಚಕ್ರ ಮೇಲೆ, ಎರಡು ಕೆಳಗೆ ಮಾಡಿಕೊಂಡು ಸಾಲಾಗಿ ಕಾರುಗಳು. ನಾಲ್ಕನೆಯ ಸಲ ಇಳಿದಾಗ ರಿಕ್ಷಾವೊಂದು ಅವರ ಕೋಲಿಗೆ ತಾಗಿಕೊಂಡೇ ಹೋಯಿತು. "ಇಷ್ಟು ಚಂದದ ಜಗಲಿ ಕಟ್ಟಿ ಅದರಲ್ಲಿ ಕಾರು ಮಲಗಿಸಿದ್ದಾರಲ್ಲ ಮಾರಾಯ" ಎಂದರು. ನಾನು ನಕ್ಕೆ. ಮುಂದಿನ ತಿರುವಿನಲ್ಲಿ ಹಾಗೆಯೇ ಮಲಗಿದ್ದದ್ದು ನಮ್ಮ ಕಾರು.

ನನ್ನ ಹತ್ತಿರ ಸಮರ್ಥನೆ ಇತ್ತು. ನಮ್ಮದು ಸಿಡ್ಕೊ ಕಟ್ಟಿದ ಹಳೆಯ ಕಟ್ಟಡ. ಮನೆಗೊಂದು ಕಾರು ಬರುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ. ಪೂರ್ತಿ ರಸ್ತೆಯಲ್ಲೇ ನಿಲ್ಲಿಸಿದರೆ ಬಸ್ಸಿಗೆ ಅಡ್ಡ. ಮತ್ತೆ, ಎಲ್ಲರೂ ಮಾಡುವುದು ಹೀಗೆಯೇ. ಕಾನೂನು ಮಾತ್ರ ಸ್ಪಷ್ಟ: 1989ರ ರಸ್ತೆ ನಿಯಮಗಳೂ ಅವುಗಳ ಜಾಗಕ್ಕೆ ಬಂದ 2017ರ ಚಾಲನಾ ನಿಯಮಗಳೂ ಫುಟ್‌ಪಾತಿನ ಮೇಲೆ ವಾಹನ ನಿಲ್ಲಿಸಬಾರದು ಎನ್ನುತ್ತವೆ.

"ಜಾಗವಿಲ್ಲ, ಬೇರೆ ದಾರಿಯಿಲ್ಲ" ಎಂಬ ವಾದ ಮುಂಬಯಿಯ ಫುಟ್‌ಪಾತಿನಿಂದ ಸುಪ್ರೀಂ ಕೋರ್ಟಿನವರೆಗೆ ಒಮ್ಮೆ ಹೋಗಿದೆ. ಒಯ್ದವರು ಕಾರಿನವರಲ್ಲ. 1981ರ ಜುಲೈಯಲ್ಲಿ, ಮಳೆಯ ನಡುವೆ, ಅಂತುಲೆ ಸರಕಾರ ಫುಟ್‌ಪಾತ್ ವಾಸಿಗಳನ್ನು ಎಬ್ಬಿಸಿ ಅವರವರ ಊರಿಗೆ ಕಳಿಸಲು ಹೊರಟಿತು. ಓಲ್ಗಾ ಟೆಲಿಸ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯ ಅರ್ಜಿದಾರರಲ್ಲಿ ಒಬ್ಬ ಸೇಲಂ ಕಡೆಯ ಭೂಮಿಯಿಲ್ಲದ ಕೂಲಿ. 1961ರಲ್ಲಿ ಕೆಲಸ ಹುಡುಕಿಕೊಂಡು ಬಂದವನು. ಫುಟ್‌ಪಾತಿನ ಮೇಲೊಂದು ಪ್ಲಾಸ್ಟಿಕ್ ಹಾಳೆಯ ಗೂಡಿಗಾಗಿ ದಾದಾ ಒಬ್ಬನಿಗೆ 2,500 ರೂಪಾಯಿ ತೆತ್ತಿದ್ದ. ಹೊಟ್ಟೆಪಾಡಿಗೆ ಊರು ಬಿಟ್ಟವನು, ನಮ್ಮ ಹಾಗೆಯೇ. (ನಮ್ಮ ಹಾಗೆ ಎಂದು ಬರೆಯಲು ಕೈ ತಡೆಯುತ್ತದೆ.)

1985ರ ತೀರ್ಪು, ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದಿತು. ಇವರು ಬೇಕೆಂದು ಅಲ್ಲಿ ಕೂತವರಲ್ಲ, ಪರಿಸ್ಥಿತಿ ಕೂರಿಸಿದ್ದು ಎಂದೂ ಒಪ್ಪಿತು. ಆದರೂ ಫುಟ್‌ಪಾತ್ ನಡೆಯುವವರದ್ದು, ಏಳಲೇಬೇಕು ಎಂದಿತು. ಮಳೆಗಾಲ ಕಳೆಯಲೆಂದು ಅಕ್ಟೋಬರ್ 31ರವರೆಗೆ ಗಡುವು ಕೊಟ್ಟಿತು, ಅಷ್ಟೆ. ಆ ತೀರ್ಪಿನ ಬಗ್ಗೆ ನನಗೆ ಇಂದಿಗೂ ಸಮಾಧಾನವಿಲ್ಲ. ಆದರೆ ಹೆಂಡತಿ, ಮೂರು ಹೆಣ್ಣುಮಕ್ಕಳೊಂದಿಗೆ ಮಲಗಲು ಬೇರೆ ನೆಲವಿಲ್ಲದವನ ಕಷ್ಟವೇ ಸಾಲದೆ ಹೋದ ಕಡೆ ನನ್ನ ಕಾರಿನ ಕಷ್ಟವನ್ನು ಯಾವ ಬಾಯಿಯಿಂದ ಹೇಳಲಿ? ಅವನು ದುಡ್ಡಾದರೂ ಕೊಟ್ಟಿದ್ದ. ನನಗೆ ಗಡುವನ್ನೂ ಯಾರೂ ಹಾಕಿರಲಿಲ್ಲ.

2025ರ ಮೇ ತಿಂಗಳಲ್ಲಿ ಅದೇ ಸುಪ್ರೀಂ ಕೋರ್ಟು, ಫುಟ್‌ಪಾತಿನ ಮೇಲೆ ಅಡ್ಡಿಯಿಲ್ಲದೆ ನಡೆಯುವುದೂ 21ನೇ ವಿಧಿಯ ಹಕ್ಕು ಎಂದಿತು. ಅಂದು ಕೂಲಿಯ ಹೊಟ್ಟೆಪಾಡಿಗೆ ಬಂದ ವಿಧಿ ಇಂದು ಅಪ್ಪನ ಕೋಲಿಗೂ ಬಂದಿದೆ.

ಈಗ ಕಾರನ್ನು ದುಡ್ಡು ಕೊಟ್ಟು ದೂರದಲ್ಲಿ ನಿಲ್ಲಿಸುತ್ತೇನೆ. ಬಿಟ್ಟ ಜಾಗಕ್ಕೆ ಆ ರಾತ್ರಿಯೇ ಇನ್ನೊಂದು ಬಂತು. "ಹಾಗಾದ್ರೆ ನೀವು ತೆಗೆದದ್ದರಿಂದ ಮಾವನಿಗೆ ಏನು ಸಿಕ್ತು?" ಎಂದು ಹೆಂಡತಿ ಕೇಳಿದಳು. ಏನೂ ಇಲ್ಲ, ಒಂದು ಹೆಜ್ಜೆಯೂ ಇಲ್ಲ. ಆ ಕಾರಿನವರ ಮನೆಯ ಬೆಲ್ ಒತ್ತಲು ನನಗೀಗ ಮುಖವಿದೆ, ಸಿಕ್ಕಿದ್ದು ಅಷ್ಟೆ. ಇನ್ನೂ ಒತ್ತಿಲ್ಲ. ಮೇಲಿನ ಮಹಡಿಯವರು, ಪ್ರತಿ ಚೌತಿಗೆ ನಮಗೆ ಮೋದಕ ಕಳಿಸುವವರು.