ಅತಿಥಿಗೆ ಹೇಳಬೇಕಾದುದು

ಆತಿಥ್ಯದಲ್ಲಿ ಸತ್ಯಕ್ಕೆ ಎಷ್ಟು ಎಡೆಯುಂಟು ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿದುದು ಯಾವುದೋ ದರ್ಶನಗ್ರಂಥವನ್ನು ಓದಿದ್ದರಿಂದ ಅಲ್ಲ. ಒಂದು ಮಿಠಾಯಿಯ ಪೊಟ್ಟಣದಿಂದ. ಅದೂ ಜರ್ಮನಿಯ ಮಿಠಾಯಿ. ಬೆಂಗಳೂರಿನಲ್ಲಿ ಹುಡುಗರಿಗೆ ಹಳಗನ್ನಡ ಹೇಳಿಕೊಂಡಿರುವ ಮೇಷ್ಟರಿಗೆ ಜರ್ಮನಿಯ ಮಿಠಾಯಿ ಎಲ್ಲಿಂದ ಗಂಟುಬಿದ್ದಿತು ಎಂದು ಓದುಗರು ಕೇಳಬಹುದು. ಹೇಳುತ್ತೇನೆ.

ನನ್ನ ತಂಗಿಯ ಮಗ ಹೆಚ್ಚಿನ ವ್ಯಾಸಂಗಕ್ಕೆಂದು ಜರ್ಮನಿಗೆ ಹೊರಟಿದ್ದ. ಅವನ ಅಕ್ಕ ಆ ದೇಶದಲ್ಲಿ ಎರಡು ವರ್ಷ ಇದ್ದು ಬಂದವಳು. ತಮ್ಮನನ್ನು ಬೀಳ್ಕೊಡಲು ಕಳೆದ ಜುಲೈಯಲ್ಲಿ ಮನೆಯಲ್ಲೇ ಒಂದು ಕೂಟವನ್ನು ಏರ್ಪಡಿಸಿದಳು. ಈಗಿನವರ ಕೂಟಗಳಿಗೆ ಒಂದು ‘ಥೀಮ್’ ಬೇಕು. ನಾವು ಹುಡುಗರಾಗಿದ್ದಾಗ ಕೂಟಕ್ಕೆ ಇದ್ದುದು ಹಸಿವೆಂಬ ಒಂದೇ ಥೀಮು. ಇರಲಿ. ಇವಳ ಥೀಮು ಜರ್ಮನಿ. ಬಡಿಸುವುದೆಲ್ಲ ಜರ್ಮನ್ ತಿಂಡಿ.

ನಾನು ಹೋಗುವ ಹೊತ್ತಿಗೆ ಗೋಡೆಗೆಲ್ಲ ನೀಲಿ ಬಿಳಿ ಕಾಗದದ ತೋರಣ ಕಟ್ಟಿಯಾಗಿತ್ತು. ದಪ್ಪ ಗಾಜಿನ ಹಿಡಿಯುಳ್ಳ ಮಗ್ಗುಗಳಲ್ಲಿ ಸೇಬಿನ ರಸಕ್ಕೆ ಸೋಡಾ ಬೆರೆಸಿಟ್ಟಿದ್ದರು. ಇದು ಅಲ್ಲಿಯ ಜನ ನಿಜವಾಗಿಯೂ ಕುಡಿಯುವ ಪಾನೀಯವೇ. ಆದರೆ ಆ ನೀಲಿ ಬಿಳಿ ಬಣ್ಣ ಬವೇರಿಯ ಪ್ರಾಂತ್ಯದ್ದು. ಅಕ್ಟೋಬರ್‌ಫೆಸ್ಟ್ ಎಂಬ ಉತ್ಸವವೂ ಅಲ್ಲಿಯದೇ. 1810ರಲ್ಲಿ ಬವೇರಿಯದ ಯುವರಾಜ ಲುಡ್ವಿಗನ ಮದುವೆಗೆಂದು ಮ್ಯೂನಿಕ್ ನಗರದಲ್ಲಿ ನಡೆದ ಸಂಭ್ರಮವೇ ಅದರ ಮೂಲ. “ಇಡೀ ಜರ್ಮನಿ ಎಂದರೆ ಇದೊಂದೇ ಮೂಲೆಯೇನಮ್ಮ? ಬರ್ಲಿನ್ನಿನವರು ಇಂಡಿಯದ ಕೂಟ ಮಾಡಿ ತಂದೂರಿ ರೊಟ್ಟಿಯನ್ನಷ್ಟೇ ಇಟ್ಟರೆ ನಿನಗೆ ಒಪ್ಪಿಗೆಯೇ?” ಎಂದೆ. “ಮಾವ, ಇದು ವೇಷ. ವೇಷ ಎಂದು ಬಂದವರಿಗೆಲ್ಲ ಗೊತ್ತು” ಎಂದಳು ಹುಡುಗಿ.

ಆ ಮಾತು ನನಗೆ ಹಿಡಿಸಿತು. ನಾಟಕದಲ್ಲಿ ರಾಜನ ವೇಷ ಹಾಕಿದವನನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲ. ನೋಡುವವನಿಗೂ ಆಡುವವನಿಗೂ ನಡುವೆ ಒಂದು ಒಪ್ಪಂದವಿರುತ್ತದೆ. ಆ ಒಪ್ಪಂದ ಇರುವವರೆಗೆ ವೇಷವು ಸುಳ್ಳಲ್ಲ.

ಅವಳೂ ಅದಕ್ಕೆ ತಕ್ಕಂತೆಯೇ ನಡೆದುಕೊಂಡಿದ್ದಳು. ಒಂದೊಂದು ತಟ್ಟೆಯ ಮುಂದೆಯೂ ಒಂದು ಚೀಟಿ. ತಿಂಡಿಯ ಹೆಸರು, ಅದು ಅಲ್ಲಿ ಹೇಗಿರುತ್ತದೆ, ಇಲ್ಲಿ ಏನು ಬದಲಾಗಿದೆ. ಬ್ರೆಟ್ಸೆಲ್ ಎಂಬ, ತೋಳುಗಳನ್ನು ಹೆಣೆದಂತೆ ಕಾಣುವ ರೊಟ್ಟಿಯನ್ನು ಅಲ್ಲಿಯ ಬೇಕರಿಯವರು ಸುಡುವ ಮೊದಲು ತೆಳುವಾದ ಕಾಸ್ಟಿಕ್ ಸೋಡಾದ ನೀರಿನಲ್ಲಿ ಅದ್ದುತ್ತಾರೆ. ಆ ಹೊಳೆಯುವ ಕಂದುಬಣ್ಣವೂ ಆ ವಿಶೇಷ ರುಚಿಯೂ ಬರುವುದು ಅದರಿಂದಲೇ. ಮನೆಯಲ್ಲಿ ಅದನ್ನು ಮುಟ್ಟುವ ಧೈರ್ಯವಿಲ್ಲದೆ ಇವಳು ಅಡುಗೆಸೋಡ ಹಾಕಿ ಕುದಿಸಿದ ನೀರಿನಲ್ಲಿ ಅದ್ದಿದ್ದಳು. ಆಲೂಗೆಡ್ಡೆಯನ್ನು ತುರಿದು ಎಣ್ಣೆಯಲ್ಲಿ ಬೇಯಿಸಿದ ದೋಸೆಯಂಥದು ಇನ್ನೊಂದು; ಅದಕ್ಕೆ ನೆಂಚಿಕೊಳ್ಳಲು ಸೇಬಿನ ಗೊಜ್ಜು. ಅಲ್ಲಿ ಮೊಟ್ಟೆ ಹಾಕುತ್ತಾರೆ, ಇಲ್ಲಿ ಹಾಕಿಲ್ಲ ಎಂದು ಚೀಟಿ ಹೇಳುತ್ತಿತ್ತು. ಆಲೂಗೆಡ್ಡೆಯಿಲ್ಲದ ಜರ್ಮನಿಯನ್ನು ಇಂದು ಊಹಿಸುವುದೇ ಕಷ್ಟ. ಆದರೂ 1756ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕ್ ಅದನ್ನು ಬೆಳೆಯಿರೆಂದು ಆಜ್ಞೆಯನ್ನೇ ಹೊರಡಿಸಬೇಕಾಯಿತಂತೆ. ಪಾಟ್ಸ್‌ಡಾಮಿನಲ್ಲಿರುವ ಅವನ ಗೋರಿಯ ಮೇಲೆ ಜನ ಇಂದಿಗೂ ಹೂವಿನ ಜತೆಗೆ ಆಲೂಗೆಡ್ಡೆ ಇಟ್ಟು ಬರುತ್ತಾರೆ.

ಆಲೂಗೆಡ್ಡೆಯ ಸಲಾಡಿನ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಉತ್ತರದವರು ಅದಕ್ಕೆ ಮೇಯನೇಸ್ ಹಾಕುತ್ತಾರೆ. ದಕ್ಷಿಣದವರು ಬಿಸಿಬಿಸಿಯಾದ ಮಾಂಸದ ಸಾರನ್ನು ಹೊಯ್ದು ಬೆರೆಸುತ್ತಾರೆ. ಆ ಸಾರು ಗೆಡ್ಡೆಯೊಳಗೆ ಇಂಗಿಹೋಗುತ್ತದೆ. ಕಣ್ಣಿಗೆ ಕಾಣುವುದು ಬರಿಯ ಗೆಡ್ಡೆ, ಈರುಳ್ಳಿ, ಸೊಪ್ಪು. ಮ್ಯೂನಿಕ್ಕಿನಲ್ಲಿ ಮೊದಲ ತಿಂಗಳು ತಾನು ಇದನ್ನು ಸಸ್ಯಾಹಾರವೆಂದೇ ನಂಬಿ ತಿಂದೆನೆಂದು ಹುಡುಗಿ ನಗುತ್ತ ಹೇಳಿದಳು. ಯಾರೂ ಅವಳಿಗೆ ಸುಳ್ಳು ಹೇಳಿರಲಿಲ್ಲ. ಅವಳು ಕೇಳಲಿಲ್ಲ, ಅವರಿಗೆ ಹೇಳಬೇಕೆಂದು ತೋರಲಿಲ್ಲ. ಮಾಂಸವನ್ನು ಮರೆಮಾಡುವ ಇನ್ನೊಂದು ತಿನಿಸೂ ಆ ಕಡೆಯಲ್ಲುಂಟು. ಸ್ವಾಬಿಯ ಸೀಮೆಯ ಮೌಲ್‌ಟಾಷೆನ್, ಹೂರಣ ತುಂಬಿದ ನಮ್ಮ ಕಡುಬಿನಂಥದು. ಮಾಂಸ ವರ್ಜ್ಯವಾದ ಉಪವಾಸದ ದಿನಗಳಲ್ಲಿ ದೇವರಿಗೆ ಕಾಣದಿರಲೆಂದು ಮೌಲ್‌ಬ್ರಾನ್ ಮಠದ ಸನ್ಯಾಸಿಗಳು ಮಾಂಸವನ್ನು ಕೊಚ್ಚಿ, ಸೊಪ್ಪಿನೊಂದಿಗೆ ಬೆರೆಸಿ, ಹಿಟ್ಟಿನೊಳಗೆ ಮುಚ್ಚಿದರೆಂದು ಕಥೆ. ದೇವರಿಗೆ ಟೋಪಿ ಹಾಕುವ ತಿಂಡಿ ಎಂಬರ್ಥದ ಅಡ್ಡಹೆಸರೇ ಅದಕ್ಕಿದೆ. ದೇವರನ್ನು ವಂಚಿಸುವ ಕಥೆಗೆ ನಾವು ನಗಬಲ್ಲೆವು; ಆತನಿಗೆ ತಿಳಿಯದಿರುವುದು ಸಾಧ್ಯವಿಲ್ಲವಷ್ಟೆ. ಮನುಷ್ಯನ ವಿಷಯ ಹಾಗಲ್ಲ.

ಕರಿವುರ್ಸ್ಟ್ ಎಂಬುದೂ ಇತ್ತು, ಸೋಯಾದಿಂದ ಮಾಡಿದ್ದು. 1949ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ಹೆರ್ಟಾ ಹಾಯ್ವರ್ ಎಂಬಾಕೆ ಹಂದಿಮಾಂಸದ ಸಾಸೇಜಿನ ಮೇಲೆ ಟೊಮ್ಯಾಟೊ ಗೊಜ್ಜನ್ನೂ ಕರಿಪುಡಿಯನ್ನೂ ಹಾಕಿ ಮಾರಿದಳೆಂದು ಹೇಳುತ್ತಾರೆ. ಇಂಡಿಯದಿಂದ ಇಂಗ್ಲೆಂಡಿಗೆ ಹೋದ ಹೆಸರು, ಬರ್ಲಿನ್ನನ್ನು ಸುತ್ತಿ, ನನ್ನ ತಂಗಿಯ ಮನೆಯ ಮೇಜಿನ ಮೇಲೆ ಜರ್ಮನ್ ತಿಂಡಿಯಾಗಿ ಕುಳಿತಿತ್ತು.

ನನ್ನದೂ ಒಂದು ಕಾಣಿಕೆ ಇರಲೆಂದು ಚಹಾ ಮಾಡಿಸಿದೆ. ನಾವು ಕನ್ನಡದವರು ದಿನವೂ ನೆನೆಯಬೇಕಾದ ಜರ್ಮನ್ ಒಬ್ಬನೇ: 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟ್ಟೆಲ್. ಆತ ಹುಟ್ಟಿದುದು ಬವೇರಿಯದಲ್ಲಲ್ಲ, ಉತ್ತರದ ಕಡಲಂಚಿನ ಪೂರ್ವ ಫ್ರಿಸಿಯದಲ್ಲಿ. ಅಲ್ಲಿ ಆತಿಥ್ಯವೆಂದರೆ ಚಹಾ. ಬಟ್ಟಲಿನಲ್ಲಿ ಕಲ್ಲುಸಕ್ಕರೆಯ ಹರಳನ್ನಿಟ್ಟು ಬಿಸಿ ಚಹಾ ಹೊಯ್ಯುತ್ತಾರೆ. ಹರಳು ಚಿಟಚಿಟನೆ ಸಿಡಿಯುತ್ತದೆ. ಮೇಲೆ ಒಂದು ತೊಟ್ಟು ಕೆನೆ. ಕದಡಬಾರದು. ಮೂರು ಬಟ್ಟಲಾದರೂ ಕುಡಿಯಬೇಕು. ಸಾಕೆನಿಸಿದರೆ ಚಮಚವನ್ನು ಬಟ್ಟಲಿನೊಳಗೆ ಇಡಬೇಕು.

ಈ ಚಹಾ ಬಹಳವಾಗಿ ಹಿಡಿಸಿದುದು ನಮ್ಮ ದೊಡ್ಡಮ್ಮನಿಗೆ. ಎಂಬತ್ತು ದಾಟಿದ ಜೀವ. ಹೊರಗೆ ಒಂದು ಲೋಟ ನೀರು ಕುಡಿಯಲೂ ಹಿಂದುಮುಂದು ನೋಡುವವರು. ಮೊಮ್ಮಗನ ಮೇಲಿನ ಪ್ರೀತಿಗೆ ಬಂದಿದ್ದರು. ಬ್ರೆಟ್ಸೆಲನ್ನು ತಿರುಗಿಸಿ ನೋಡಿ, “ಇದು ಗಂಟು ಹಾಕಿದ ಕೋಡುಬಳೆ ಕಣೋ” ಎಂದು ತೀರ್ಪು ಕೊಟ್ಟರು. ಎಲ್ಲ ಚೀಟಿಗಳನ್ನೂ ನನ್ನಿಂದ ಓದಿಸಿಕೊಂಡೇ ತಿಂದರು. ಕೊನೆಗೆ ಮೇಜಿನ ತುದಿಯಲ್ಲಿ ಒಂದು ಬೋಗುಣಿಯಲ್ಲಿ ಬಣ್ಣಬಣ್ಣದ ಪುಟ್ಟ ಕರಡಿಗಳಿದ್ದುವು. ರಬ್ಬರಿನಂತೆ ಮೆತ್ತಗಿನ ಮಿಠಾಯಿ, ಹುಡುಗಿಯ ಸ್ನೇಹಿತರಾರೋ ಅಲ್ಲಿಂದ ತಂದುಕೊಟ್ಟದ್ದು. ಅದಕ್ಕೆ ಚೀಟಿಯಿರಲಿಲ್ಲ. ಮಿಠಾಯಿಗೇಕೆ ಚೀಟಿ? “ಅಗಿಯೋಕೆ ಕಷ್ಟವಾಗೋಲ್ಲ, ಬಾಯಲ್ಲೇ ಕರಗುತ್ತೆ, ತೊಗೊಳ್ಳಿ ದೊಡ್ಡಮ್ಮ” ಎಂದು ನಾನೇ ನನ್ನ ಕೈಯಾರೆ ನಾಲ್ಕೈದನ್ನು ಕೊಟ್ಟೆ.

ಅವರು ಹೊರಟುಹೋದ ಮೇಲೆ ಪಾತ್ರೆ ಎತ್ತಿಡುವಾಗ ಹುಡುಗಿ ಪೊಟ್ಟಣವನ್ನು ಹಿಡಿದುಕೊಂಡು ನನ್ನ ಬಳಿ ಬಂದಳು. ಅವಳ ಮುಖ ಬಿಳಿಚಿತ್ತು. ಹಿಂದೆ ಸಣ್ಣಕ್ಷರದಲ್ಲಿ ಹಂದಿಯ ಜೆಲಟಿನ್ ಎಂದು ಬರೆದಿತ್ತು. ಪ್ರಾಣಿಯ ಚರ್ಮವನ್ನೂ ಎಲುಬನ್ನೂ ಬೇಯಿಸಿ ತೆಗೆಯುವ ಅಂಟು ಅದು. ಬರೆದವರದೇನೂ ತಪ್ಪಿಲ್ಲ, ಓದದೆ ಕೊಟ್ಟವರು ನಾವು.

ಮನೆಯವರೆಲ್ಲ ಸೇರಿ ಗುಸುಗುಸು ಮಾತನಾಡಿದೆವು. ತಿಂದುದಾಯಿತು, ಈಗ ಹೇಳಿ ಆ ಜೀವವನ್ನೇಕೆ ನೋಯಿಸಬೇಕು, ಅರಿಯದೆ ಆದುದಕ್ಕೆ ದೋಷವಿಲ್ಲ ಎಂದಳು ತಂಗಿ. ನಾನು ಒಪ್ಪಿದೆ. ಒಪ್ಪಿದುದಷ್ಟೇ ಅಲ್ಲ, ಮೇಷ್ಟರ ಬುದ್ಧಿ ನೋಡಿ, ಅದಕ್ಕೆ ಜರ್ಮನಿಯಿಂದಲೇ ಆಧಾರವನ್ನೂ ಹುಡುಕಿದೆ. ಇಮ್ಯಾನುಯೆಲ್ ಕಾಂಟನಷ್ಟು ಸುಳ್ಳನ್ನು ದ್ವೇಷಿಸಿದವರು ವಿರಳ. ಕೊಲೆಗಾರನೊಬ್ಬ ಬಾಗಿಲಿಗೆ ಬಂದು ನಿನ್ನ ಸ್ನೇಹಿತ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳಾಡುವ ಹಕ್ಕು ನಿನಗಿಲ್ಲವೆಂದು 1797ರಲ್ಲಿ ಬರೆದವನು ಆತ. ಅಂಥವನೂ ತಿಳಿದುದನ್ನೆಲ್ಲ ಆಡಲೇಬೇಕೆಂದು ವಿಧಿಸಲಿಲ್ಲ; ಆಡಿದ ಮಾತು ಮಾತ್ರ ನಿಜವಾಗಿರಬೇಕು. ಹಾಗಾದರೆ ನನ್ನದು ಮೌನ, ಸುಳ್ಳಲ್ಲ. ಅಪ್ರಿಯ ಸತ್ಯದ ಬಗ್ಗೆ ನಮ್ಮ ಹಿರಿಯರು ಹೇಳಿರುವ ಎಚ್ಚರಿಕೆಯೂ ಜತೆಗೆ ಇದ್ದೇ ಇದೆ. ಇಬ್ಬರ ಆಶ್ರಯವನ್ನೂ ಪಡೆದು ನೆಮ್ಮದಿಯಾಗಿ ಮಲಗಿದೆ. ಕಾಂಟ್ ತಾನೂ ಆತಿಥ್ಯಪ್ರಿಯನೇ. ಕ್ಯೋನಿಗ್ಸ್‌ಬರ್ಗಿನ ತನ್ನ ಮನೆಯಲ್ಲಿ ಮಧ್ಯಾಹ್ನ ಒಂಟಿಯಾಗಿ ಉಣ್ಣುವುದು ಆತನಿಗೆ ಸೇರದು; ಪಂಕ್ತಿಯಲ್ಲಿ ಮೂವರಿಗೆ ಕಡಿಮೆಯೂ ಒಂಬತ್ತಕ್ಕೆ ಹೆಚ್ಚೂ ಇರಬಾರದೆಂಬ ಲೆಕ್ಕವನ್ನು ಮೆಚ್ಚಿದವನು. ಆದರೆ ತನ್ನ ಅತಿಥಿಗೆ ಹೀಗೆ ಉಣಬಡಿಸಿದ್ದರೆ ಏನು ಮಾಡುತ್ತಿದ್ದನೆಂದು ಕೇಳಲು ನನಗೆ ಆ ರಾತ್ರಿ ತೋಚಲಿಲ್ಲ.

ಮೂರು ವಾರ ಕಳೆಯಿತು. ಗೋಕುಲಾಷ್ಟಮಿ ಹತ್ತಿರ ಬಂದಿತು. ದೊಡ್ಡಮ್ಮ ಫೋನ್ ಮಾಡಿದರು. “ಆವತ್ತು ಕೊಟ್ಟೆಯಲ್ಲ, ಆ ಕರಡಿ ಮಿಠಾಯಿ, ಇನ್ನೂ ಇದ್ದರೆ ಒಂದಿಷ್ಟು ಕಳಿಸೋ. ಚಕ್ಕುಲಿ ಕೋಡುಬಳೆ ಜೊತೆ ಕೃಷ್ಣನ ಮುಂದೆ ಇಡ್ತೀನಿ. ಮಗು ದೇವರಲ್ಲವೇ, ಅವನಿಗೂ ಇಷ್ಟವಾದೀತು.”

ಮುಗಿದುಹೋಗಿದೆ ಎಂದುಕೊಂಡು ಹೇಳುವರು, ಉಣಬಡಿಸಿದುದು. ಅದು ಮುಗಿದಿರಲಿಲ್ಲ. ಖಾಲಿಯಾಯಿತು ಎಂದುಬಿಡಬಹುದಾಗಿತ್ತು, ಅದು ನಿಜವೂ ಆಗಿತ್ತು, ಪೊಟ್ಟಣವನ್ನು ಅಂದೇ ಎಸೆದಿದ್ದೆವು. ಕಾಂಟನ ನಿಯಮಕ್ಕೂ ಅದರಿಂದ ಭಂಗ ಬರುತ್ತಿರಲಿಲ್ಲ. ಆದರೆ ನಾಲಗೆ ಏಳಲಿಲ್ಲ. ಅವರ ಬಾಯಿಗೆ ಏನು ಹೋಗಬೇಕೆಂಬುದನ್ನು ಎಂಬತ್ತು ವರ್ಷ ಅವರೇ ಕಾಯ್ದುಕೊಂಡು ಬಂದವರು. ಅರಿಯದೆ ಒಂದು ದಿನ ನಾನು ಆ ಬೇಲಿಯನ್ನು ಮುರಿದೆ. ಅರಿತ ಮೇಲೆ ಮೂರು ವಾರ, ಬೇಲಿ ಮುರಿದಿದೆಯೆಂಬುದು ಅವರಿಗೆ ತಿಳಿಯದಂತೆ ನಿಂತು ಕಾವಲು ಕಾದೆ. ಮೊದಲನೆಯದು ಕೈತಪ್ಪು. ಎರಡನೆಯದಕ್ಕೆ ನಾನು ಕರುಣೆ ಎಂದು ಹೆಸರಿಟ್ಟಿದ್ದೆ.

ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಬೈಯುವರೆಂದು ಕಾದೆ, ಅಳುವರೆಂದು ಹೆದರಿದೆ.

“ನಿನ್ನ ತಂಗಿಗೂ ಗೊತ್ತಿತ್ತೇ?” ಎಂದರು.

“ಹೂಂ, ದೊಡ್ಡಮ್ಮ.”

“ಆ ಹುಡುಗರಿಗೂ?”

“ಎಲ್ಲರಿಗೂ ಗೊತ್ತಿತ್ತು.”

“ನನಗೊಬ್ಬಳಿಗೆ ಗೊತ್ತಿರಲಿಲ್ಲ ಅನ್ನು.” ಮತ್ತೆ ಸ್ವಲ್ಪ ತಡೆದು, “ಮಿಂದು ಒಂದು ದಿನ ಉಪವಾಸವಿದ್ದರೆ ಆಗಿಹೋಗ್ತಿತ್ತಲ್ಲೋ. ಅದನ್ನ ನನಗೆ ಬಿಡಬಾರದಿತ್ತೇ?” ಎಂದರು.

ಅಷ್ಟಮಿಯ ದಿನ ಅವರ ಮನೆಗೆ ಹೋದೆ. ಚಕ್ಕುಲಿ, ಕೋಡುಬಳೆ, ಅವಲಕ್ಕಿ ಎಲ್ಲ ಇದ್ದುವು. ಚಹಾಕ್ಕೆ ಕಲ್ಲುಸಕ್ಕರೆಯ ಹರಳು ಹಾಕಿಕೊಟ್ಟರು. ಕೊಡುವ ಮೊದಲು ಡಬ್ಬಿಯನ್ನು ನನ್ನ ಮುಂದೆ ಹಿಡಿದು, “ಓದಿ ಹೇಳು, ಇದರಲ್ಲಿ ಏನೇನಿದೆ” ಎಂದರು. ನಾನು ಕನ್ನಡಕ ತೆಗೆದುಕೊಂಡು ಓದಿದೆ.