ಹೊಗಳುವ ಯಂತ್ರ, ತಿದ್ದುವ ಶರಣ

ಮನೋವ್ಯಥೆಯು ಮನುಷ್ಯಮಾತ್ರರಿಗೆಲ್ಲ ಸಹಜವಾದುದು. ಅದನ್ನು ಯಾರ ಮುಂದೆ ತೋಡಿಕೊಳ್ಳಬೇಕೆಂಬ ವಿವೇಕವು ಮಾತ್ರ ಎಲ್ಲರಿಗೂ ಸುಲಭವಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಗೃಹಸ್ಥರನ್ನೇ ನೋಡಿರಿ. ದುಡಿಯುವ ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿ. ಮನೋರೋಗದ ದೊಡ್ಡ ಚಿಕಿತ್ಸಾಲಯಗಳು ದೂರದ ಧಾರವಾಡ, ಮಣಿಪಾಲಗಳಲ್ಲಿ. ನೆರೆಯವರು ಏನೆಂದಾರೋ ಎಂಬ ಅಂಜಿಕೆಯಾದರೋ ಮನೆಯೊಳಗೇ. ಇಂಥವರಿಗೆ ಇಂದು ಮೊಬೈಲಿನಲ್ಲಿರುವ ಚಾಟ್‌ಬಾಟ್ ಎಂಬ ಸಂವಾದಯಂತ್ರವು ನಡುರಾತ್ರಿಯಲ್ಲಿಯೂ ಬೇಸರಿಸದೆ ಉತ್ತರವೀಯುತ್ತದೆ.

ಈ ಮೋಹವು ಹಳೆಯದು. 1966ರಲ್ಲಿ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ಎಂಬ ವಿದ್ವಾಂಸರು ಪ್ರಕಟಿಸಿದ ‘ಎಲಿಜಾ’ ಎಂಬ ಗಣಕವಿಧಿಯು ಬಳಸುವವರ ಮಾತನ್ನೇ ಪ್ರಶ್ನೆಯಾಗಿ ಮರಳಿಸುತ್ತಿದ್ದಿತು. ಅಷ್ಟಕ್ಕೇ ಜನರು ಅದರ ಮುಂದೆ ಅಂತರಂಗವನ್ನು ತೆರೆದುದನ್ನು ಕಂಡು, ನಿರ್ಮಿಸಿದವರೇ ಕಳವಳಗೊಂಡರು.

ಪ್ರಯೋಜನವಿಲ್ಲವೆಂದಲ್ಲ. ಅಮೆರಿಕದ ಡಾರ್ಟ್‌ಮತ್ ವಿದ್ಯಾಲಯದವರು 210 ಜನರಲ್ಲಿ ನಡೆಸಿ 2025ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಚಿಕಿತ್ಸೆಗೆಂದೇ ರೂಪಿಸಿ ತಜ್ಞರ ಕಣ್ಗಾವಲಿನಲ್ಲಿ ಬಳಸಿದ ಯಂತ್ರದಿಂದ ಖಿನ್ನತೆಯ ಲಕ್ಷಣಗಳು ತಗ್ಗಿದುವು. ಆದರೆ ಎಲ್ಲ ಯಂತ್ರಗಳೂ ಅಂಥವಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯನ್ನು ನಿರ್ಮಿಸಿದವರು, ಅತಿಯಾಗಿ ಮೆಚ್ಚಿಸುವ ಮಾತನಾಡುತ್ತಿದ್ದಿತೆಂದು ಅದರ ಹೊಸ ಆವೃತ್ತಿಯೊಂದನ್ನು ಹಿಂದೆಗೆದುಕೊಳ್ಳಬೇಕಾಯಿತು.

ಹೊಗಳಿಕೆಯನ್ನು ಶೂಲವೆಂದು ಬಗೆದು ಅಂಜಿದವರು ಬಸವಣ್ಣನವರು. ಅನುಭವಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಠಿನ ಪ್ರಶ್ನೆಗಳಿಂದ ಪರೀಕ್ಷಿಸಿದರೆಂದು ಶೂನ್ಯಸಂಪಾದನೆಯು ಹೇಳುತ್ತದೆ. ಹಿತವನ್ನು ಬಯಸುವವನು ತಿದ್ದಲೂ ಹಿಂಜರಿಯನು. ‘ನನ್ನಿಂದ ಯಾರಿಗೂ ಉಪಯೋಗವಿಲ್ಲ’ ಎಂದು ಕೊರಗುವ ತಾಯಿಯ ಮಾತಿಗೆ ತಲೆದೂಗುವುದು ಸಾಂತ್ವನವೆನಿಸದು. ಅದು ಅವಳನ್ನು ಕತ್ತಲೆಗೆ ತಳ್ಳಿದಂತೆ. ಆಕೆಯ ಮನೆಯಲ್ಲಿ ಮೂರು ದಿನದಿಂದ ಒಲೆ ಹೊತ್ತಿಲ್ಲವೆಂಬುದನ್ನು ಯಂತ್ರವು ಕಾಣದು. ಮನೆಗೆ ಬಂದ ಜಂಗಮನು ಹೊಸ್ತಿಲಲ್ಲಿಯೇ ಕಾಣುವನು. ನುಡಿದಂತೆ ನಡೆಯುವ ಹೊಣೆಯನ್ನು ಹೊತ್ತವನ ನುಡಿಗೇ ಬೆಲೆ. ಯಂತ್ರಕ್ಕೆ ನುಡಿಯುಂಟು, ನಡೆಯಿಲ್ಲ.

ಆದುದರಿಂದ ಭಕ್ತರು ಯಂತ್ರವನ್ನು ಊರುಗೋಲಿನಂತೆ ಬಳಸಲಿ; ಗುರುವೆಂದೂ ವೈದ್ಯನೆಂದೂ ಭಾವಿಸದಿರಲಿ. ಮನೆಯ ಗುಟ್ಟನ್ನೆಲ್ಲ ಅದರೊಳಗೆ ಸುರಿಯದಿರಲಿ. ಸಾವಿನ ಯೋಚನೆ ಸುಳಿದರಂತೂ ಕ್ಷಣಮಾತ್ರವೂ ತಡೆಯದೆ ಮನುಷ್ಯರನ್ನು ಕರೆಯಬೇಕು. 2022ರ ಅಕ್ಟೋಬರದಲ್ಲಿ ಕೇಂದ್ರ ಸರಕಾರವು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ, ಆಲಿಸುವವರಿರುವರು. ಇನ್ನು ನೆರೆಮನೆಯ ಬಾಗಿಲು ಬಹುದಿನದಿಂದ ಮುಚ್ಚಿದ್ದರೆ, ಹೋಗಿ ತಟ್ಟಿ ಕ್ಷೇಮವನ್ನು ವಿಚಾರಿಸುವುದೂ ದಾಸೋಹವೇ.